ಬೋಳುತಲೆಗೆ ಮಂದಿ ಕೊಡುವ ತಲೆಬರಹ

ನನ್ನ ತಲೆಯ ಮೇಲೆ ಕೂದಲಿಲ್ಲ. ಇಲ್ಲವಾಗಿ ಆರು ವರ್ಷ ಕಳೆಯಿತು. ವಯಸ್ಸು 54, ವೃತ್ತಿ ಕಾಲೇಜೊಂದರಲ್ಲಿ ಅರ್ಥಶಾಸ್ತ್ರದ ಅಧ್ಯಾಪನ, ವಾಸ ದಕ್ಷಿಣ ಬೆಂಗಳೂರಿನ ಒಂದು ಹಳೆಯ ಬಡಾವಣೆ. ಈ ವಿವರಗಳು ಬೇಕಾದವರು ನನ್ನನ್ನು ಕೇಳಿಯೇ ತಿಳಿಯಬೇಕಾಗುತ್ತದೆ. ತಲೆಯ ವಿಷಯಕ್ಕೆ ಮಾತ್ರ ಯಾರಿಗೂ ನನ್ನ ಅಗತ್ಯ ಬೀಳುವುದಿಲ್ಲ. ಅದರ ಕಾರಣ ಅವರಿಗೆ ಆಗಲೇ ಗೊತ್ತಿರುತ್ತದೆ. ಬಸ್ಸಿನಲ್ಲಿ ಎದುರು ಕುಳಿತವರ ಕಣ್ಣು ತಲೆಯಿಂದ ಹಣೆಗೆ, ಹಣೆಯಿಂದ ಕೊರಳಿಗೆ, ಕೊರಳಿನಿಂದ ಕಾಲ್ಬೆರಳಿಗೆ ಇಳಿಯುವುದನ್ನು ನೋಡುತ್ತ ನೋಡುತ್ತ, ಆ ದೃಷ್ಟಿ ಯಾವ ತೀರ್ಪಿನ ಕಡೆಗೆ ಹೊರಟಿದೆಯೆಂದು ಊಹಿಸುವ ಪರಿಣತಿ ನನಗೂ ಬಂದಿದೆ. ಕುಂಕುಮ, ಕರಿಮಣಿ, ಕಾಲುಂಗುರ ಮೂರೂ ಇದ್ದು ಕೂದಲೊಂದು ಇಲ್ಲವೆಂದರೆ ಲೆಕ್ಕ ತಾಳೆಯಾಗುವುದಿಲ್ಲ. ತಾಳೆಯಾಗದ ಲೆಕ್ಕವನ್ನು ಹಾಗೆಯೇ ಬಿಟ್ಟು ಮುಂದೆ ಹೋಗುವ ಜಾಯಮಾನ ನಮ್ಮವರದಲ್ಲ.

ನಿಜವಾದ ಕಾರಣ ಬಹಳ ನೀರಸವಾದದ್ದು. 2018ರ ಕೊನೆಯಲ್ಲಿ ಒಂದು ಬೆಳಿಗ್ಗೆ ಬೈತಲೆಯ ಪಕ್ಕದಲ್ಲಿ ನಾಲ್ಕಾಣೆಯಷ್ಟು ಅಗಲದ ನುಣುಪಾದ ಜಾಗವೊಂದು ಬೆರಳಿಗೆ ಸಿಕ್ಕಿತು. ಚರ್ಮರೋಗ ತಜ್ಞರು ಅದಕ್ಕೆ ಅಲೋಪೇಶಿಯ ಏರಿಯೇಟ ಎಂದರು. ಆಯುರ್ವೇದದವರು ಇಂದ್ರಲುಪ್ತ ಎಂದರು. ನಮ್ಮ ಮನೆಯ ಕೆಲಸಕ್ಕೆ ಬರುವಾಕೆ ಹುಳ ತಿಂದಿದೆ ಎಂದಳು. ಮೂವರೂ ಹೇಳಿದ್ದು ಒಂದನ್ನೇ. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕೂದಲಿನ ಬುಡವನ್ನು ಪರಕೀಯವೆಂದು ಭಾವಿಸಿ ಅದರ ಮೇಲೆ ದಾಳಿಗಿಳಿಯುವ ಸ್ಥಿತಿ ಇದು. ನೂರು ಜನರಲ್ಲಿ ಸುಮಾರು ಇಬ್ಬರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಬರುತ್ತದೆ. ನೋವಿಲ್ಲ, ಅಂಟುವುದಿಲ್ಲ, ಪ್ರಾಣಕ್ಕೆ ಅಪಾಯವಿಲ್ಲ. ಅನೇಕರಿಗೆ ತಾನಾಗಿಯೇ ಕೂದಲು ಮರಳುತ್ತದೆ, ಕೆಲವರಿಗೆ ಮರಳುವುದಿಲ್ಲ. ಚುಚ್ಚುಮದ್ದು, ಮುಲಾಮು, ಈರುಳ್ಳಿ ರಸ, ಗುಲಗಂಜಿಯ ಲೇಪ, ಗರಗದ ಸೊಪ್ಪಿನ ಎಣ್ಣೆ ಎಲ್ಲವೂ ಆದವು. 2019ರ ದಸರೆಯ ಹೊತ್ತಿಗೆ ತಲೆ ಭೂಪಟದ ಹಾಗೆ ಕಾಣತೊಡಗಿತ್ತು. ಉಳಿದ ಖಂಡಗಳನ್ನೂ ತೆಗೆದುಬಿಡುವುದೇ ಮೇಲೆಂದು ತೀರ್ಮಾನಿಸಿ ಪರಿಚಯದ ಬ್ಯೂಟಿ ಪಾರ್ಲರಿಗೆ ಹೋದೆ. ಅಲ್ಲಿಯ ಹುಡುಗಿ ಕತ್ತರಿ ಕೆಳಗಿಟ್ಟು, ‘ಮೇಡಂ, ಮನೆಯಲ್ಲಿ ಯಜಮಾನರಿಗೆ ಹೇಳಿದ್ದೀರಾ?’ ಎಂದು ಕೇಳಿದಳು. ಕೊನೆಗೆ ಆ ಯಜಮಾನರೇ ತಾವು ಹೋಗುವ ಸಲೂನಿಗೆ ಕರೆದುಕೊಂಡು ಹೋದರು. ಅಲ್ಲಿಯ ವೃದ್ಧ ಕ್ಷೌರಿಕರು ಕೇಳಿದ್ದು ಒಂದೇ ಪ್ರಶ್ನೆ: ‘ಮಷೀನ್ ಸಾಕೋ, ಬ್ಲೇಡ್ ಹಾಕಲೋ?’ ಈ ಆರು ವರ್ಷಗಳಲ್ಲಿ ನನ್ನ ತಲೆಯ ಬಗ್ಗೆ ಯಾರಾದರೂ ಕೇಳಿದ ಪ್ರಶ್ನೆಗಳಲ್ಲಿ ಅದಕ್ಕಿಂತ ನೇರವಾದದ್ದು ಇನ್ನೊಂದಿಲ್ಲ.

ಮಂದಿಯ ಊಹೆಗಳಲ್ಲಿ ಎಲ್ಲಕ್ಕಿಂತ ಹಿತವಾದದ್ದು ತಿರುಪತಿ. ‘ಮುಡಿ ಕೊಟ್ಟು ಬಂದಿರಾ? ದರ್ಶನ ಚೆನ್ನಾಗಿ ಆಯಿತೆ? ಎಷ್ಟು ಹೊತ್ತು ಕ್ಯೂ?’ ಎಂಬ ಪ್ರಶ್ನೆಗಳಲ್ಲಿ ಕರುಣೆಯಿಲ್ಲ, ಭಯವಿಲ್ಲ, ಸ್ವಲ್ಪ ಅಸೂಯೆಯೂ ಲಾಡಿನ ನಿರೀಕ್ಷೆಯೂ ಇರುತ್ತವೆ. ಕೂದಲನ್ನು ದೇವರಿಗೆ ಒಪ್ಪಿಸುವ ಹೆಂಗಸಿಗೆ ನಮ್ಮ ಸಮಾಜ ಗೌರವವನ್ನೇ ಕೊಡುತ್ತದೆ. ನಂಜನಗೂಡಿನಲ್ಲಿ, ಮಲೆ ಮಹದೇಶ್ವರನ ಬೆಟ್ಟದಲ್ಲಿ, ಧರ್ಮಸ್ಥಳದಲ್ಲಿ ದಿನವೂ ಮುಡಿ ಬೀಳುತ್ತದೆ. ತಿರುಮಲೆಯ ಕಲ್ಯಾಣಕಟ್ಟೆಯಲ್ಲಿ ಹೀಗೆ ಬಿದ್ದ ಕೂದಲನ್ನು ಉದ್ದಕ್ಕೆ ತಕ್ಕಂತೆ ವಿಂಗಡಿಸಿ ಹರಾಜು ಹಾಕುತ್ತಾರೆ. ದೇವಸ್ಥಾನಕ್ಕೆ ಅದು ಕೋಟಿಗಟ್ಟಲೆ ರೂಪಾಯಿಯ ಆದಾಯ. ಅರ್ಥಶಾಸ್ತ್ರದ ತರಗತಿಯಲ್ಲಿ ನಾನು ಇದನ್ನೇ ಉದಾಹರಣೆ ಕೊಡುವುದುಂಟು. ಒಬ್ಬಳ ಹರಕೆ ಇನ್ನೊಬ್ಬಳ ವಿಗ್ ಆಗಿ ಸಮುದ್ರ ದಾಟುತ್ತದೆ. 2004ರಲ್ಲಿ ಇಸ್ರೇಲಿನ ಹಿರಿಯ ರಬ್ಬಿಗಳು, ಭಾರತದ ಕೂದಲು ವಿಗ್ರಹಕ್ಕೆ ಅರ್ಪಿತವಾದದ್ದು ಎಂಬ ಕಾರಣಕ್ಕೆ ಅಂಥ ವಿಗ್ಗುಗಳನ್ನು ನಿಷೇಧಿಸಿದಾಗ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಸಂಪ್ರದಾಯಸ್ಥ ಯೆಹೂದಿ ಕುಟುಂಬಗಳು ತಮ್ಮ ಬೆಲೆಬಾಳುವ ವಿಗ್ಗುಗಳನ್ನು ಬೀದಿಯಲ್ಲಿ ಸುಟ್ಟವು. ಆಗಿನ ಚಿತ್ತೂರು ಜಿಲ್ಲೆಯ ಬೆಟ್ಟವೊಂದರ ಮೇಲೆ ಯಾರೋ ಕೊಟ್ಟ ಮುಡಿಗೆ ಅಷ್ಟು ದೂರದಲ್ಲಿ ಅಷ್ಟೊಂದು ಅರ್ಥ!

ಆದರೆ ತಿರುಪತಿಯ ಊಹೆಗೆ ಒಂದು ಅವಧಿಯಿದೆ. ಎರಡು ತಿಂಗಳು ಕಳೆದರೂ ತಲೆಯಲ್ಲಿ ಮುಳ್ಳುಮುಳ್ಳಾಗಿ ಏನೂ ಚಿಗುರದಿದ್ದಾಗ ತರಕಾರಿ ಅಂಗಡಿಯವನಿಂದ ಹಿಡಿದು ಪ್ರಾಂಶುಪಾಲರವರೆಗೆ ಎಲ್ಲರ ಮುಖವೂ ಬದಲಾಯಿತು. ದೇವರ ಲೆಕ್ಕ ಮುಗಿದು ರೋಗದ ಲೆಕ್ಕ ಶುರುವಾಯಿತು.

ಕ್ಯಾನ್ಸರ್ ಎಂಬ ಶಬ್ದವನ್ನು ನನ್ನೆದುರು ಈವರೆಗೆ ಯಾರೂ ಉಚ್ಚರಿಸಿಲ್ಲ. ಬದಲಿಗೆ ‘ಟ್ರೀಟ್‌ಮೆಂಟ್ ಎಲ್ಲಿ?’ ಎನ್ನುತ್ತಾರೆ. ‘ಈಗೆಲ್ಲ ವಾಸಿಯಾಗುತ್ತೆ ಬಿಡಿ’ ಎನ್ನುತ್ತಾರೆ. ಕೆಲವರು ಏನೂ ಅನ್ನದೆ ಕೈಹಿಡಿದು ಒತ್ತುತ್ತಾರೆ. ಬಿಎಂಟಿಸಿ ಬಸ್ಸಿನಲ್ಲಿ ನನಗಿಂತ ಹಿರಿಯರು ಎದ್ದು ಸೀಟು ಕೊಟ್ಟಿದ್ದಾರೆ. ನಾನು ಕುಳಿತಿಲ್ಲ ಎಂದು ಬೇಸರಿಸಿಕೊಂಡೂ ಇದ್ದಾರೆ. ಒಮ್ಮೆ ಲಾಲ್‌ಬಾಗಿನ ಬಳಿಯಿಂದ ಮನೆಗೆ ಬಂದಿಳಿದಾಗ ಆಟೊ ಚಾಲಕರು ದುಡ್ಡು ಬೇಡವೆಂದರು. ‘ನಮ್ಮ ತಾಯೀನೂ ಕಿದ್ವಾಯಿನಲ್ಲೇ ಇದ್ದದ್ದು ಮೇಡಂ’ ಎಂದರು. ಇದ್ದದ್ದು ಎಂಬ ಆ ಭೂತಕಾಲವನ್ನು ಕೇಳಿ ನನ್ನ ಗಂಟಲು ಕಟ್ಟಿತು. ನನಗೆ ಆ ಕಾಯಿಲೆಯಿಲ್ಲ, ಇದು ಬರೀ ಕೂದಲಿನ ತೊಂದರೆ ಎಂದು ವಿವರಿಸಿ ಬಾಡಿಗೆ ಕೊಟ್ಟೆ. ಅವರು ನೋಟನ್ನು ತೆಗೆದುಕೊಂಡು ಬಹಳ ಹೊತ್ತು ನನ್ನ ಮುಖವನ್ನೇ ನೋಡಿದರು. ನಂಬಿದಂತೆ ಕಾಣಲಿಲ್ಲ. ತಾನು ಸಂಕಟಪಡಬಾರದೆಂದು ಈಕೆ ಮುಚ್ಚಿಡುತ್ತಿದ್ದಾಳೆ ಎಂದುಕೊಂಡಿರಬೇಕು. ನಿಜ ಹೇಳಿದರೆ ಅದನ್ನೇ ಧೈರ್ಯದ ಸುಳ್ಳೆಂದು ತಿಳಿದು ಮೆಚ್ಚುವವರ ಎದುರು ಮಾಡುವುದೇನು?

ಕ್ಯಾನ್ಸರ್ ಚಿಕಿತ್ಸೆಯಲ್ಲಿ ಕೂದಲು ಉದುರುವುದಕ್ಕೆ ಕಾರಣ ಸರಳ. ವೇಗವಾಗಿ ವಿಭಜನೆಗೊಳ್ಳುವ ಕೋಶಗಳನ್ನು ಕೊಲ್ಲುವ ಔಷಧಿಗೆ ಗೆಡ್ಡೆಯ ಕೋಶ ಯಾವುದು, ಕೂದಲಿನ ಬುಡದ ಕೋಶ ಯಾವುದು ಎಂಬ ಭೇದ ತಿಳಿಯುವುದಿಲ್ಲ. ಮೊದಲ ಸುತ್ತಿನ ಔಷಧಿಯಾಗಿ ಎರಡು ಮೂರು ವಾರಗಳಲ್ಲಿ ದಿಂಬಿನ ಮೇಲೆ ಎಳೆಗಳು ಕಾಣಿಸಿಕೊಳ್ಳುತ್ತವೆ; ಚಿಕಿತ್ಸೆ ಮುಗಿದ ಮೇಲೆ ಸಾಮಾನ್ಯವಾಗಿ ಮರಳಿ ಬೆಳೆಯುತ್ತವೆ. ಎಲ್ಲ ಔಷಧಿಗಳೂ ಹಾಗೆ ಮಾಡುವುದಿಲ್ಲ. ನನ್ನ ಸಹೋದ್ಯೋಗಿಯೊಬ್ಬರು ಸ್ತನದ ಕ್ಯಾನ್ಸರಿಗೆ ಪೂರ್ತಿ ಒಂದು ವರ್ಷ ಚಿಕಿತ್ಸೆ ಪಡೆದರು. ಆ ಅವಧಿಯುದ್ದಕ್ಕೂ ಒಳ್ಳೆಯ ವಿಗ್ ಧರಿಸಿ ಬರುತ್ತಿದ್ದರು. ವಿಭಾಗದಲ್ಲಿ ಸಂತಾಪವೆಲ್ಲ ನನಗೆ ಬರುತ್ತಿತ್ತು, ವಾಂತಿಯೂ ಸುಸ್ತೂ ಅವರದಾಗಿತ್ತು. ಸ್ಟಾಫ್ ರೂಮಿನಲ್ಲಿ ಎಳನೀರನ್ನು ನನ್ನ ಮೇಜಿನ ಮೇಲೆ ತಂದಿಡುವವರು ಇದ್ದರು. ನಾನು ಅದನ್ನು ಅವರ ಮೇಜಿಗೆ ಸರಿಸುತ್ತಿದ್ದೆ, ಅವರು ನಗುತ್ತಿದ್ದರು. ಗುಟ್ಟನ್ನು ಕಾಯ್ದುಕೊಳ್ಳುವುದಕ್ಕೆ ನನ್ನ ತಲೆ ಒಂದು ಮರೆಯಾಗಿ ಒದಗಿತೆಂದು ಆಮೇಲೆ ಅವರೇ ಹೇಳಿದರು.

ಇನ್ನು ಮೂರನೆಯ ಊಹೆ. ಇದನ್ನು ಬಾಯಿಬಿಟ್ಟು ಹೇಳುವವರು ಕ್ಯಾನ್ಸರನ್ನು ಹೇಳುವವರಿಗಿಂತಲೂ ಕಡಿಮೆ. ಇದು ಮಾತಿನಲ್ಲಿ ಬರುವುದಿಲ್ಲ, ಕೈಯ ಚಲನೆಯಲ್ಲಿ ಬರುತ್ತದೆ. ಮೂರು ವರ್ಷಗಳ ಹಿಂದೆ ದೂರದ ಸಂಬಂಧಿಕರ ಮನೆಯ ಮದುವೆಯಲ್ಲಿ ಹೆಂಗಸರ ಸಾಲಿಗೆ ಅರಿಸಿನ ಕುಂಕುಮ ಕೊಡುತ್ತ ಬಂದ ಹುಡುಗಿಯೊಬ್ಬಳು ನನ್ನ ಬಳಿ ಬಂದು, ತಟ್ಟೆಯನ್ನು ಕೊಂಚ ಎತ್ತಿ, ನನ್ನನ್ನು ದಾಟಿ ಮುಂದಿನವರ ಹತ್ತಿರ ಹೋದಳು. ಕಣ್ಣಿನ ರೆಪ್ಪೆ ಬಡಿಯುವಷ್ಟು ಹೊತ್ತಿನ ಸಂಗತಿ. ಆಮೇಲೆ ನನ್ನ ಕೊರಳಿನ ಕಡೆ ಆಕೆಯ ದೃಷ್ಟಿ ಹೊರಳಿತು; ಮುಖ ಕೆಂಪಾಗಿ, ‘ಅಯ್ಯೋ, ಸಾರಿ ಆಂಟಿ’ ಎನ್ನುತ್ತ ಹಿಂದಿರುಗಿ ಬಂದಳು. ಪಕ್ಕದಲ್ಲಿದ್ದ ನನ್ನ ಅತ್ತಿಗೆ ಕಿವಿಯಲ್ಲಿ, ‘ಕರಿಮಣೀನ ಸೆರಗಿನ ಹೊರಗೆ ಹಾಕಿಕೋಬಾರದೇನೆ? ಯಾರಿಗೂ ಗೊಂದಲ ಇರಲ್ಲ’ ಎಂದರು.

ಅತ್ತಿಗೆಯವರ ಸಲಹೆಯಲ್ಲಿ ಕಾಳಜಿಯಿತ್ತು. ನಾನು ಒಪ್ಪಲಿಲ್ಲ. ಆ ಸಾಲಿನಲ್ಲಿ ನನ್ನಾಚೆ ಮೂರನೆಯ ಕುರ್ಚಿಯಲ್ಲಿ ಕುಳಿತಿದ್ದವರು ಎರಡು ವರ್ಷದ ಹಿಂದೆ, ಕೊರೊನಾದ ಎರಡನೇ ಅಲೆಯಲ್ಲಿ ಗಂಡನನ್ನು ಕಳೆದುಕೊಂಡ ನನ್ನ ಚಿಕ್ಕಮ್ಮನ ಮಗಳು. ಅವಳ ಬೆನ್ನ ತುಂಬ ಜಡೆಯಿತ್ತು, ಒಳ್ಳೆಯ ಕಾಂಜೀವರಂ ಸೀರೆಯಿತ್ತು. ಹುಡುಗಿ ಅವಳನ್ನೂ ದಾಟಿದಳು. ಅಲ್ಲಿ ಮಾತ್ರ ಹಿಂದಿರುಗಿ ಬರಲಿಲ್ಲ, ಸಾರಿ ಹೇಳಲಿಲ್ಲ. ನನ್ನ ವಿಷಯದಲ್ಲಿ ಆದದ್ದು ತಪ್ಪು ಎಂದೂ ಅವಳ ವಿಷಯದಲ್ಲಿ ಆದದ್ದು ಸರಿಯೆಂದೂ ಆ ಸಭೆಯೆಲ್ಲ ಮಾತಿಲ್ಲದೆ ಒಪ್ಪಿಕೊಂಡಿತ್ತು. ನಾನು ಕರಿಮಣಿಯನ್ನು ಹೊರಗೆ ಹಾಕಿಕೊಂಡು ಕುಳಿತರೆ ಆ ಒಪ್ಪಂದಕ್ಕೆ ನನ್ನ ರುಜುವೂ ಬಿದ್ದಂತೆ. ಕುಂಕುಮದ ಭರಣಿಯನ್ನು ಎತ್ತಿ ನಾನೇ ಅವಳ ಮುಂದೆ ಹಿಡಿದೆ. ಅವಳು ಇಟ್ಟುಕೊಳ್ಳಲಿಲ್ಲ. ‘ಬೇಡ ಅಕ್ಕ, ಇವತ್ತು ಇವರ ಮನೆ ಶುಭಕಾರ್ಯ’ ಎಂದಳು. ಹೀಗೆ ನುಣುಚಿಕೊಳ್ಳುವುದು ಅವಳಿಗೆ ಅಷ್ಟರಲ್ಲೇ ಅಭ್ಯಾಸವಾಗಿತ್ತು.

ಬೋಳುತಲೆಗೂ ವೈಧವ್ಯಕ್ಕೂ ಇರುವ ಈ ಗಂಟು ಎಲ್ಲಿಂದ ಬಂತೆಂದು ಹುಡುಕಲು ನಾವು ದೂರ ಹೋಗಬೇಕಾಗಿಲ್ಲ, ನಮ್ಮ ಬೈಗುಳಗಳನ್ನು ಗಮನಿಸಿದರೆ ಸಾಕು. ಮುಂಡೆ ಎಂದರೆ ಮುಂಡನವಾದವಳು, ತಲೆ ಬೋಳಿಸಿದವಳು. ಅದೇ ವಿಧವೆಗೆ ಹೆಸರಾಯಿತು, ಆಮೇಲೆ ಯಾವ ಹೆಂಗಸನ್ನಾದರೂ ಹಳಿಯುವ ಮಾತಾಯಿತು. ‘ಬೋಳಿ’ಯಿಂದ ಹುಟ್ಟಿದ ಇನ್ನೊಂದು ಬೈಗುಳವನ್ನು ಬೆಂಗಳೂರಿನ ಯಾವುದೇ ಸಿಗ್ನಲ್ಲಿನಲ್ಲಿ ದಿನಕ್ಕೆ ಹತ್ತು ಸಲ ಕೇಳಬಹುದು. ಅದನ್ನು ಬಳಸುವ ತರುಣರಿಗೆ ತಾವು ಒಬ್ಬ ವಿಧವೆಯ ಮಗನನ್ನು ಕುರಿತು ಹೇಳುತ್ತಿದ್ದೇವೆಂಬ ಅರಿವು ಇರಲಾರದು. ಇನ್ನು ಮೋಸ ಹೋದವನಿಗೂ ನಾವು ಹೇಳುವುದು ತಲೆ ಬೋಳಿಸಿಕೊಂಡ ಎಂದೇ. ಭಾಷೆ ಬಹಳ ಕಾಲ ಯಾವುದನ್ನೂ ಮರೆಯುವುದಿಲ್ಲ, ಆಡುವವರು ಮರೆತರೂ.

ಸಾಹಿತ್ಯವೂ ಸಿನಿಮಾವೂ ಇದನ್ನು ಮರೆತಿಲ್ಲ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಬಂದದ್ದು 1976ರಲ್ಲಿ. ಪ್ರೇಮಾ ಕಾರಂತರು ಅದನ್ನು 1983ರಲ್ಲಿ ಚಲನಚಿತ್ರವಾಗಿಸಿದರು. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ ನೋಡಿದವರಿಗೆ, ತಲೆ ಬೋಳಿಸಿದ ಯಮುನಕ್ಕ ಮರದ ಬುಡದಲ್ಲಿ ಒಂಟಿಯಾಗಿ ಕುಳಿತ ಕೊನೆಯ ದೃಶ್ಯ ಕಣ್ಣಿನಿಂದ ಅಳಿಯುವುದಿಲ್ಲ. ಇದಕ್ಕೆ ಎದುರಾದ ದನಿಗಳೂ ಹಳೆಯವೇ. 1890ರಲ್ಲಿ ಮುಂಬಯಿಯ ಕ್ಷೌರಿಕರು ಸಭೆ ಸೇರಿ, ಇನ್ನು ಮುಂದೆ ವಿಧವೆಯರ ತಲೆ ಬೋಳಿಸುವುದಿಲ್ಲವೆಂದು ನಿರ್ಧರಿಸಿದರು. ಕಾರ್ಮಿಕ ನಾಯಕ ನಾರಾಯಣ ಮೇಘಾಜಿ ಲೋಖಂಡೆ ಅವರ ಪ್ರೇರಣೆ ಅದರ ಹಿಂದಿತ್ತು. ಶಾಸ್ತ್ರ ಬಲ್ಲವರು ವಾದವಿವಾದದಲ್ಲಿ ಮುಳುಗಿದ್ದಾಗ, ಕತ್ತಿ ಹಿಡಿದ ಕೈಗಳು ತಾವಾಗಿ ಹಿಂದೆಗೆದ ಆ ಪ್ರಸಂಗ ನಮ್ಮ ಪಠ್ಯಪುಸ್ತಕಗಳಲ್ಲಿ ಇನ್ನಷ್ಟು ಜಾಗ ಪಡೆಯಬೇಕಿತ್ತು. 2000ದ ಇಸವಿಯಲ್ಲಿ ಕೂಡ ವಾರಾಣಸಿಯಲ್ಲಿ ದೀಪಾ ಮೆಹ್ತಾ ಅವರ ‘ವಾಟರ್’ ಚಿತ್ರದ ಚಿತ್ರೀಕರಣವನ್ನು ದಾಂಧಲೆಯೆಬ್ಬಿಸಿ ನಿಲ್ಲಿಸಲಾಯಿತು. ವಿಧವೆಯರ ಪಾತ್ರಕ್ಕಾಗಿ ಶಬಾನಾ ಆಜ್ಮಿ, ನಂದಿತಾ ದಾಸ್ ಆಗಲೇ ತಲೆ ಬೋಳಿಸಿಕೊಂಡಿದ್ದರು. ಚಿತ್ರ ಕೊನೆಗೆ ಬೇರೆ ನಟಿಯರೊಂದಿಗೆ ಶ್ರೀಲಂಕಾದಲ್ಲಿ ತಯಾರಾಗಿ 2005ರಲ್ಲಿ ಹೊರಬಂತು.

ಪುಸ್ತಕದ ಮಾತು ಹಾಗಿರಲಿ. ನಮ್ಮ ಮನೆಯಲ್ಲೇ ಅಂಥ ಒಬ್ಬಳಿದ್ದಳು. ನನ್ನ ತಾಯಿಯ ಸೋದರತ್ತೆ. ನಾವು ದೊಡ್ಡಜ್ಜಿ ಎನ್ನುತ್ತಿದ್ದೆವು. ತೀರ್ಥಹಳ್ಳಿಯ ಕಡೆಯ ಹಳ್ಳಿ. ಹದಿಮೂರನೆಯ ವಯಸ್ಸಿನಲ್ಲಿ ಗಂಡ ಸತ್ತು ತವರಿಗೆ ಬಂದವಳು ಅಲ್ಲಿಯೇ ಎಂಬತ್ತು ವರ್ಷ ತುಂಬುವವರೆಗೆ ಬದುಕಿದಳು. ಕೆಂಪು ಸೀರೆ, ತಲೆಯ ಮೇಲೆಳೆದ ಸೆರಗು, ಒಂದು ಹೊತ್ತಿನ ಊಟ. ಮಾವಿನ ಮಿಡಿ ಉಪ್ಪಿನಕಾಯಿಗೆ ಊರಿಗೆಲ್ಲ ಅವಳದೇ ಕೈ. ಯಾರಾದರೂ ಹೊರಗೆ ಹೊರಟರೆ ತಾನಾಗಿಯೇ ಒಳಗೆ ಸರಿದುಕೊಳ್ಳುವಳು, ಎದುರಾದರೆ ಅಪಶಕುನವೆಂದು. ಬೇಸಿಗೆ ರಜೆಯಲ್ಲಿ ಅಲ್ಲಿಗೆ ಹೋಗುತ್ತಿದ್ದ ನಮಗೆ ಅದೂ ಒಂದು ಆಟದ ಹಾಗೆ ತೋರುತ್ತಿತ್ತು. ಅವಳ ತಲೆಯನ್ನು ನಾನು ನೋಡಿದ್ದು ಒಂದೇ ಸಲ, ಬಾವಿಕಟ್ಟೆಯ ಬಳಿ ಸೆರಗು ಜಾರಿದಾಗ. ಬಹಳ ಚಿಕ್ಕ ತಲೆ.

ನನ್ನ ತಾಯಿಗೆ ಈಗ 84. ನನ್ನ ಜೊತೆಯಲ್ಲಿಯೇ ಇದ್ದಾಳೆ. ಸಲೂನಿನಿಂದ ಮನೆಗೆ ಬಂದ ದಿನ ಅವಳು ನನ್ನನ್ನು ನೋಡಿ ಎದ್ದು ಕೋಣೆಗೆ ಹೋದಳು. ಆಮೇಲೆ ತಿಂಗಳುಗಟ್ಟಲೆ ನನ್ನ ಜೊತೆ ಮಾತಾಡುವಾಗ ನನ್ನ ಗಲ್ಲದ ಮಟ್ಟದಿಂದ ಮೇಲಕ್ಕೆ ಅವಳ ದೃಷ್ಟಿ ಏರುತ್ತಿರಲಿಲ್ಲ. ವಿಗ್ ಹಾಕಿಕೋ ಎಂದಳು, ಅದಕ್ಕೆ ತನ್ನ ಪಿಂಚಣಿಯ ದುಡ್ಡು ಕೊಡುತ್ತೇನೆಂದಳು. ಹಾಕಿಯೂ ನೋಡಿದೆ. ಮಾರ್ಚ್ ತಿಂಗಳ ಬಿಸಿಲಿನಲ್ಲಿ ಬೋರ್ಡಿನ ಮುಂದೆ ನಿಂತು ಪಾಠ ಮಾಡುವವಳಿಗೆ ವಿಗ್ ಎಂದರೆ ತಲೆಯ ಮೇಲೆ ಕಂಬಳಿ. ಬಿಟ್ಟುಬಿಟ್ಟೆ. ಗಂಡನಿದ್ದವಳು ಹೀಗಿರುವುದು ಅಶುಭ ಎಂಬ ನಂಬಿಕೆಯೇ ಅವಳನ್ನು ಕಾಡುತ್ತಿದೆಯೆಂದು ನನ್ನ ಎಣಿಕೆ. ಇತರರ ಊಹೆಗಳ ಬಗ್ಗೆ ಇಷ್ಟೆಲ್ಲ ಬರೆಯುತ್ತಿರುವಾಗ ಇದೂ ಒಂದು ಊಹೆಯೇ ಆಗಿತ್ತೆಂಬುದನ್ನು ಹೇಳಲೇಬೇಕು.

ಲಾಕ್‌ಡೌನ್ ದಿನಗಳಲ್ಲಿ, 2020ರ ಏಪ್ರಿಲ್ ಇರಬೇಕು, ಒಂದು ಸಂಜೆ ಸೊಪ್ಪು ಬಿಡಿಸುತ್ತ ಅಮ್ಮ ತಾನಾಗಿಯೇ ಹೇಳಿದಳು: ‘ಅವನನ್ನ ಕರೆಯೋಕೆ ಹೋಗ್ತಿದ್ದವಳು ನಾನೇ ಕಣೆ.’ ಯಾರನ್ನು ಎಂದು ಕೇಳಿದೆ. ಕ್ಷೌರದವನನ್ನು ಎಂದಳು. ಗಂಡಸರು ಆ ಕೆಲಸಕ್ಕೆ ಹೇಳಿಕಳಿಸುತ್ತಿರಲಿಲ್ಲವಂತೆ, ದೊಡ್ಡ ಹೆಂಗಸರಿಗೆ ಸಂಕೋಚವಂತೆ. ಒಂಬತ್ತು ವರ್ಷದ ಹುಡುಗಿ ತೋಟದ ದಾರಿಯಲ್ಲಿ ಓಡಿಹೋಗಿ, ಅಪ್ಪ ಬರಹೇಳಿದ್ದಾರೆ ಎಂದು ಸುಳ್ಳು ಹೇಳಿ ಕರೆದುಕೊಂಡು ಬರಬೇಕು. ಹಿತ್ತಲ ಬಾಗಿಲಿನಿಂದ ಒಳಗೆ. ದೊಡ್ಡಜ್ಜಿ ಬಚ್ಚಲ ಹಿಂದಿನ ಕಲ್ಲಿನ ಮೇಲೆ ಆಗಲೇ ತಲೆ ತಗ್ಗಿಸಿ ಕುಳಿತಿರುತ್ತಿದ್ದಳಂತೆ. ಒಂದು ಸಲ ಅಮ್ಮ ಆಟದಲ್ಲಿ ಮರೆತು ಹೋಗದೇ ಇದ್ದಾಗ ಬೈಯುವುದಿರಲಿ, ದೊಡ್ಡಜ್ಜಿ ಅವಳನ್ನು ಕರೆದು ಬೆಲ್ಲದ ಚೂರು ಕೊಟ್ಟಳಂತೆ. ಎರಡು ದಿನ ಹೆಚ್ಚು ಸಿಕ್ಕಿತ್ತಲ್ಲ! ‘ನಿನ್ನ ತಲೆ ನೋಡಿದರೆ ನನಗೆ ನೀನು ಕಾಣಲ್ಲ. ಆ ಹಿತ್ತಲ ಬಾಗಿಲು ಕಾಣತ್ತೆ’ ಎಂದಳು ಅಮ್ಮ. ಎಪ್ಪತ್ತು ವರ್ಷ ಯಾರಿಗೂ ಹೇಳದ ಮಾತು. ಸೊಪ್ಪು ಬಿಡಿಸುವುದನ್ನು ಮುಂದುವರಿಸಿದಳು.

ಗಂಡಸಿನ ತಲೆಯ ಕಥೆ ಬೇರೆ. ನನ್ನ ಪತಿಗೆ ನಲವತ್ತೈದಕ್ಕೇ ನೆತ್ತಿ ಬೊಕ್ಕವಾಯಿತು. ಯಾರೂ ಅವರ ಕೈ ಹಿಡಿದು ಒತ್ತಲಿಲ್ಲ. ಹಾಗೆಂದು ಅವರಿಗೆ ತೊಂದರೆಯೇ ಇಲ್ಲವೆಂದಲ್ಲ. 2017ರಲ್ಲಿ ಬಂದ ರಾಜ್ ಬಿ. ಶೆಟ್ಟಿಯವರ ‘ಒಂದು ಮೊಟ್ಟೆಯ ಕಥೆ’ಯಲ್ಲಿ ತಲೆಗೂದಲಿಲ್ಲದ ಕನ್ನಡ ಉಪನ್ಯಾಸಕನಿಗೆ ಹೆಣ್ಣು ಸಿಗದ ಪಾಡನ್ನು ನೋಡಿ ನಾವು ನಕ್ಕೆವು, 2019ರಲ್ಲಿ ಅದು ಹಿಂದಿಗೂ ಹೋಯಿತು. ಆದರೆ ಆ ಉಪನ್ಯಾಸಕನನ್ನು ಯಾರೂ ಅಪಶಕುನವೆಂದು ಬಗೆಯುವುದಿಲ್ಲ. ಅವನ ತಲೆ ನಗೆಯ ವಸ್ತು, ನನ್ನದು ಶಂಕೆಯ ವಸ್ತು. ಎರಡರಲ್ಲಿ ಯಾವುದು ಮೇಲೆಂದು ಕೇಳಿದರೆ ನಾನು ನಗೆಯನ್ನೇ ಆರಿಸಿಕೊಂಡೇನು.

ವಿದ್ಯಾರ್ಥಿನಿಯರ ಊಹೆ ಇನ್ನೊಂದು ದಿಕ್ಕಿನದು. ನಾನು ಯಾವುದೋ ಪ್ರತಿಭಟನೆಗಾಗಿ ಹೀಗೆ ಮಾಡಿಕೊಂಡಿದ್ದೇನೆಂದು ಅವರಲ್ಲಿ ಹಲವರು ನಂಬಿದ್ದಾರೆ. ಹೆಮ್ಮೆಯಿಂದಲೇ ನಂಬಿದ್ದಾರೆ. ಈ ಊಹೆಗೂ ಆಧಾರವಿಲ್ಲದಿಲ್ಲ. 2021ರ ಮಾರ್ಚಿಯಲ್ಲಿ ಕೇರಳದ ಕಾಂಗ್ರೆಸ್ ನಾಯಕಿ ಲತಿಕಾ ಸುಭಾಷ್, ವಿಧಾನಸಭಾ ಚುನಾವಣೆಯಲ್ಲಿ ಟಿಕೆಟ್ ಸಿಗದಿದ್ದಾಗ ತಿರುವನಂತಪುರದ ಪಕ್ಷದ ಕಚೇರಿಯ ಮುಂದೆಯೇ ಕುಳಿತು ತಲೆ ಬೋಳಿಸಿಕೊಂಡರು. 2025ರ ಮಾರ್ಚಿಯಲ್ಲಿ ಅದೇ ನಗರದಲ್ಲಿ ಸಚಿವಾಲಯದ ಎದುರು ಆಶಾ ಕಾರ್ಯಕರ್ತೆಯರು ಗೌರವಧನದ ಹೆಚ್ಚಳಕ್ಕಾಗಿ ಕೂದಲು ಕತ್ತರಿಸಿಕೊಂಡರು. 2022ರಲ್ಲಿ ಮಹ್ಸಾ ಅಮೀನಿಯ ಸಾವಿನ ನಂತರ ಇರಾನಿನ ಹೆಂಗಸರು ಬೀದಿಯಲ್ಲಿ ನಿಂತು ಕತ್ತರಿ ಎತ್ತಿದ್ದು ಜಗತ್ತಿಗೆಲ್ಲ ಗೊತ್ತು. ಕೂದಲು ಹೆಣ್ಣಿನ ಮಾನವೆಂದು ನಂಬಿದ ಸಮಾಜದಲ್ಲಿ ಮಾತ್ರ ಈ ಅಸ್ತ್ರಕ್ಕೆ ಮೊನೆಯಿರುತ್ತದೆ. ಅದೇ ನಂಬಿಕೆಯ ಇನ್ನೊಂದು ಮುಖ 1944ರ ಫ್ರಾನ್ಸ್. ಜರ್ಮನರಿಂದ ಬಿಡುಗಡೆಯಾದ ಊರುಗಳಲ್ಲಿ, ಶತ್ರುಗಳೊಡನೆ ಸಂಬಂಧವಿತ್ತೆಂದು ಆರೋಪಿಸಿ ಸಾವಿರಾರು ಹೆಂಗಸರ ತಲೆಯನ್ನು ಚೌಕಗಳಲ್ಲಿ ಬೋಳಿಸಿ ಮೆರವಣಿಗೆ ಮಾಡಿದರು. ಶತ್ರುಗಳ ಜೊತೆ ವ್ಯಾಪಾರ ಮಾಡಿ ಹಣ ಗಳಿಸಿದ ಗಂಡಸರ ಕೂದಲು ಬಹುಮಟ್ಟಿಗೆ ತಲೆಯ ಮೇಲೆಯೇ ಉಳಿಯಿತು.

ನನ್ನ ತಲೆ ಯಾವ ಚಳವಳಿಗೂ ಸೇರಿದ್ದಲ್ಲವೆಂದು ತಿಳಿದಾಗ ಹುಡುಗಿಯರಿಗೆ ಸ್ವಲ್ಪ ನಿರಾಶೆಯಾಗುತ್ತದೆ. ‘ಹಾಗಾದರೆ ಸುಮ್ಮನೆ ಉದುರಿದ್ದಾ ಮೇಡಂ?’ ಎಂದಳೊಬ್ಬಳು. ಹೌದು, ಸುಮ್ಮನೆ.

ಇದೇ ಸ್ಥಿತಿಯಿರುವ ಅಮೆರಿಕದ ನಟಿ ಜೇಡಾ ಪಿಂಕೆಟ್ ಸ್ಮಿತ್ ಅವರ ತಲೆಯ ಬಗ್ಗೆ 2022ರ ಆಸ್ಕರ್ ಸಮಾರಂಭದಲ್ಲಿ ಹಾಸ್ಯಗಾರ ಕ್ರಿಸ್ ರಾಕ್ ಚಟಾಕಿ ಹಾರಿಸಿದಾಗ, ಆಕೆಯ ಪತಿ ವಿಲ್ ಸ್ಮಿತ್ ವೇದಿಕೆಯೇರಿ ಕೆನ್ನೆಗೆ ಬಾರಿಸಿದರು. ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ಅದೇ ಚರ್ಚೆ. ಹೊಡೆದದ್ದು ಸರಿಯೆ, ತಪ್ಪೆ? ನನ್ನ ಅಭಿಪ್ರಾಯವನ್ನು ತಿಳಿಯಲು ಎಲ್ಲರಿಗೂ ಕುತೂಹಲವಿತ್ತು, ಕೇಳಲು ಸಂಕೋಚವಿತ್ತು. ಬೋಳುತಲೆಗೂ ಮೊಣಕಾಲಿಗೂ ಗಂಟು ಹಾಕುವುದು ಎಂದು ತೆಲುಗಿನಲ್ಲೊಂದು ಗಾದೆಯುಂಟು, ಸಂಬಂಧವಿಲ್ಲದ ಎರಡನ್ನು ಬಲವಂತವಾಗಿ ಕಟ್ಟುವುದಕ್ಕೆ. ಒಬ್ಬ ಗಂಡಸಿನ ವಿನೋದಕ್ಕೂ ಇನ್ನೊಬ್ಬ ಗಂಡಸಿನ ಪೌರುಷಕ್ಕೂ ನಡುವೆ ಆ ಹೆಂಗಸಿನ ತಲೆಯನ್ನು ಕಟ್ಟಿದ್ದು ನನಗೆ ಹಾಗೆಯೇ ಕಂಡಿತು.

ಯಾರೂ ಏನನ್ನೂ ಊಹಿಸದ ಒಂದು ಸ್ಥಳವೂ ಇದೆ. ಎರಡು ವರ್ಷದ ಹಿಂದೆ ಬೈಲುಕುಪ್ಪೆಗೆ ಹೋಗಿದ್ದೆ. 1960ರ ದಶಕದ ಆರಂಭದಲ್ಲಿ ಟಿಬೆಟಿನ ನಿರಾಶ್ರಿತರಿಗೆ ಮೈಸೂರು ರಾಜ್ಯ ಕೊಟ್ಟ ಆ ನೆಲದಲ್ಲಿ ಈಗ ಸಾವಿರಾರು ಭಿಕ್ಷುಗಳೂ ಭಿಕ್ಷುಣಿಯರೂ ಇದ್ದಾರೆ. ನಾನು ಅಂದು ತೊಟ್ಟಿದ್ದು ಕಂದುಗೆಂಪು ಬಣ್ಣದ ಖಾದಿ ಕುರ್ತಾ, ಯೋಚಿಸಿ ತೊಟ್ಟದ್ದಲ್ಲ. ಕುಶಾಲನಗರದಿಂದ ಬಂದ ಪ್ರವಾಸಿ ಕುಟುಂಬವೊಂದು ನನ್ನ ಕಾಲಿಗೆ ನಮಸ್ಕರಿಸಿ, ಹಿಂದಿಯಲ್ಲಿ ಆಶೀರ್ವಾದ ಕೇಳಿತು. ‘ನಾನು ಬಸವನಗುಡಿಯವಳಪ್ಪ’ ಎಂದಾಗ ಅವರ ಮುಖ ನೋಡಬೇಕಿತ್ತು. ಭಿಕ್ಷುಣಿಯರು ಮಾತ್ರ ನನ್ನನ್ನು ತಿರುಗಿಯೂ ನೋಡಲಿಲ್ಲ. ಕ್ಯಾಂಟೀನಿನಲ್ಲಿ ಪಕ್ಕ ಕುಳಿತ ತರುಣ ಭಿಕ್ಷುಣಿಯೊಬ್ಬಳು ಕನ್ನಡದಲ್ಲಿಯೇ, ‘ಎಷ್ಟು ದಿನಕ್ಕೊಮ್ಮೆ ಮಾಡ್ತೀರಿ?’ ಎಂದಳು. ಮಾಡುವ ಅಗತ್ಯವೇ ಇಲ್ಲ, ಬೆಳೆಯುವುದೇ ಇಲ್ಲ ಎಂದೆ. ‘ಒಳ್ಳೇದಾಯ್ತು’ ಎಂದು ತನ್ನ ತಲೆಯನ್ನು ಸವರಿಕೊಂಡು ನಕ್ಕಳು. ಅವಳಿಗೆ ಹದಿನೈದು ದಿನಕ್ಕೊಮ್ಮೆ ಆ ಕೆಲಸ, ಬ್ಲೇಡು ತಗುಲಿ ಗಾಯ.

ಈಚೆಗೆ ವೈದ್ಯರು ಹೊಸ ಮಾತ್ರೆಯೊಂದರ ಪ್ರಸ್ತಾಪ ಮಾಡಿದ್ದಾರೆ. ಸಂಧಿವಾತಕ್ಕೆ ಬಳಸುತ್ತಿದ್ದ ಬ್ಯಾರಿಸಿಟಿನಿಬ್ ಎಂಬ ಔಷಧಿಗೆ 2022ರ ಜೂನ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 

ತೀವ್ರವಾದ ಅಲೋಪೇಶಿಯಕ್ಕೂ ಬಳಸಬಹುದೆಂದು ಒಪ್ಪಿಗೆ ಕೊಟ್ಟಿತು. ಕೂದಲು ಬರಬಹುದು, ಬಾರದಿರಬಹುದು. ಮಾತ್ರೆ ನಿಲ್ಲಿಸಿದರೆ ಮತ್ತೆ ಉದುರಲೂಬಹುದು. ಆಗಾಗ ರಕ್ತಪರೀಕ್ಷೆ ಮಾಡಿಸುತ್ತಿರಬೇಕು, ಸೋಂಕಿನ ಬಗ್ಗೆ ಎಚ್ಚರದಿಂದಿರಬೇಕು. ಚಿಕ್ಕ ವಯಸ್ಸಿನವರಿಗೆ ಇದು ಬದುಕನ್ನೇ ಬದಲಿಸಬಹುದಾದ ಔಷಧಿ. ಬೇಡವೆನ್ನುವ ಹಕ್ಕು ನನಗಿಲ್ಲ. ನನ್ನ ಮಟ್ಟಿಗೆ ಸದ್ಯ ಬೇಡವೆಂದಿದ್ದೇನೆ. ಮನೆಯಲ್ಲಿ ಯಾರೂ ಒತ್ತಾಯಿಸಲಿಲ್ಲ, ಅಮ್ಮನೂ.

ಕೂದಲಿಲ್ಲದವರ ನಿಜವಾದ ತಾಪತ್ರಯಗಳು ಯಾರ ಊಹೆಗೂ ಬರುವುದಿಲ್ಲ. ಬೇಸಿಗೆಯಲ್ಲಿ ನೆತ್ತಿಯ ಚರ್ಮ ಸುಟ್ಟು ಸಿಪ್ಪೆ ಏಳುತ್ತದೆ. ಸ್ನಾನದ ನೀರು ನೇರ ಕಣ್ಣಿಗಿಳಿಯುತ್ತದೆ. ಮನೆಗೆ ಕರೆದವರು ಒಂದು ಮೊಳ ಮಲ್ಲಿಗೆ ಕೈಯಲ್ಲಿ ಹಿಡಿದು ಪೆಚ್ಚಾಗಿ ನಿಲ್ಲುತ್ತಾರೆ. ನಾನು ಅದನ್ನು ಮುಂಗೈಗೆ ಸುತ್ತಿಕೊಳ್ಳುತ್ತೇನೆ. ಬೆಂಗಳೂರಿನ ಡಿಸೆಂಬರ್ ಚಳಿ ಇಷ್ಟು ಚುಚ್ಚುತ್ತದೆಂದು ನನಗೆ ಐವತ್ತು ವರ್ಷದವರೆಗೆ ಗೊತ್ತೇ ಇರಲಿಲ್ಲ. ಕಳೆದ ಚಳಿಗಾಲದಲ್ಲಿ ಅಮ್ಮ, ಕಣ್ಣು ಮಂಜಾಗಿದ್ದರೂ, ಹಳೆಯ ಪೆಟ್ಟಿಗೆಯಿಂದ ಹೆಣಿಗೆಯ ಕಡ್ಡಿಗಳನ್ನು ತೆಗೆದು ಅಳತೆಗೆಂದು ನನ್ನ ತಲೆಯ ಸುತ್ತ ದಾರ ಹಿಡಿದಳು. ಯಾವ ಬಣ್ಣದ ಉಣ್ಣೆ ತರಿಸಲಿ ಎಂದು ಕೇಳಿದಳು. ಕೆಂಪು ಎಂದೆ.

‘ಕೆಂಪು ಬೇಡ’ ಎಂದಳು. ಹಸಿರು ತರಿಸಿದೆವು. ಟೋಪಿ ಸ್ವಲ್ಪ ದೊಡ್ಡದಾಗಿ ಕಿವಿಯ ಮೇಲೆ ಇಳಿಯುತ್ತದೆ. ಬಿಚ್ಚಿ ಮತ್ತೆ ಹೆಣೆಯುತ್ತೇನೆ ಎನ್ನುತ್ತಿದ್ದಾಳೆ.